ಸ್ಟೋಯಿಕ್ ವೀಕ್: ಏಳು ದಿನದ ಉಚಿತ ಕೋರ್ಸ್ ನೊಂದ ಮನಸ್ಸಿಗೆ ಎಷ್ಟು ಉಪಯೋಗ?

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕ್ರಿಸ್ಟೋಫರ್ ಗಿಲ್ ಮತ್ತು ಕೆಲವು ಮನೋಚಿಕಿತ್ಸಕರು ಸೇರಿ 2012ರಲ್ಲಿ ಶುರುಮಾಡಿದ ಆನ್‌ಲೈನ್ ಕೋರ್ಸ್ ಇದು. ಪ್ರಾಚೀನ ಗ್ರೀಕ್-ರೋಮನ್ ತತ್ವಪರಂಪರೆಯಾದ ಸ್ಟೋಯಿಕ್ ಚಿಂತನೆಯನ್ನು ದಿನನಿತ್ಯದ ಬದುಕಿಗೆ ತರುವುದು ಇದರ ಗುರಿ. ಈಗ ಮಾಡರ್ನ್ ಸ್ಟೋಯಿಸಿಸಂ ಎಂಬ ಬಳಗದ ಹೆಸರಿನಲ್ಲಿ ನಡೆಯುತ್ತದೆ. ಶುಲ್ಕವಿಲ್ಲ. ಒಂದು ಕೈಪಿಡಿ, ದಿನಕ್ಕೊಂದು ವಿಷಯ, ಬೆಳಗ್ಗೆ ಮತ್ತು ರಾತ್ರಿಯ ಅಭ್ಯಾಸ, ಮೊದಲಿಗೂ ಕೊನೆಗೂ ಒಂದೊಂದು ಪ್ರಶ್ನಾವಳಿ. ಕೆಲಸ ಹೋದಾಗ, ಸಂಬಂಧ ಮುರಿದಾಗ ಮೊಬೈಲಿನಲ್ಲಿ ಸ್ಟೋಯಿಕ್ ಎಂದು ಹುಡುಕುವವರಿಗೆ ಮೊದಲು ಸಿಗುವುದು ‘ಕಲ್ಲಾಗು, ಯಾರನ್ನೂ ಹಚ್ಚಿಕೊಳ್ಳಬೇಡ’ ಎನ್ನುವ ರೀಲ್ಸ್. ಅವುಗಳನ್ನು ಬಿಟ್ಟು ಇಲ್ಲಿಗೆ ಬರುವುದು ಒಳ್ಳೆಯದು. ಇಲ್ಲಿ ಉಪದೇಶ ಕಡಿಮೆ, ಮಾಡುವ ಕೆಲಸ ಹೆಚ್ಚು.

ಕೋರ್ಸಿನ ನಿಜವಾದ ಬಲ ಇರುವುದು ದಿನಚರಿ ಹಾಳೆಯಲ್ಲಿ. ಏನಾಯಿತು, ಏನನಿಸಿತು, ಯಾವ ಯೋಚನೆ ಬಂತು, ಇದರಲ್ಲಿ ನನ್ನ ಕೈಯಲ್ಲಿದ್ದುದೆಷ್ಟು, ನಾನೇನು ಮಾಡಿದೆ ಎಂದು ಕಂಬಸಾಲು ಎಳೆದು ತುಂಬುತ್ತಾ ಹೋಗಬೇಕು. ಜನರನ್ನು ಕಾಡುವುದು ಸಂಗತಿಗಳಲ್ಲ, ಸಂಗತಿಗಳ ಬಗ್ಗೆ ಅವರು ಕಟ್ಟಿಕೊಂಡ ತೀರ್ಮಾನಗಳು ಎಂಬ ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೆಟಸನ ಮಾತೇ ಇದರ ತಳಪಾಯ. 1950ರ ದಶಕದಲ್ಲಿ ಅಮೆರಿಕದ ಮನೋಚಿಕಿತ್ಸಕ ಆಲ್ಬರ್ಟ್ ಎಲ್ಲಿಸ್ ತಮ್ಮ ಚಿಕಿತ್ಸಾ ಪದ್ಧತಿ ಕಟ್ಟಿದ್ದೂ ಇದೇ ಮಾತನ್ನು ಹಿಡಿದುಕೊಂಡು.

ಹೆಚ್ಚಿನವರು ಎಡವುವುದು ಮೊದಲ ಕಂಬಸಾಲಿನಲ್ಲೇ. ‘ಮೀಟಿಂಗ್‌ನಲ್ಲಿ ಮ್ಯಾನೇಜರ್ ಅವಮಾನ ಮಾಡಿದರು’ ಎಂದು ಬರೆದುಬಿಡುತ್ತಾರೆ. ಅವಮಾನ ಎಂಬುದು ಆಗಲೇ ತೀರ್ಮಾನ. ಅದು ಹೋಗಬೇಕಾದದ್ದು ಮೂರನೆಯ ಕಂಬಸಾಲಿಗೆ. ಮೊದಲನೆಯದರಲ್ಲಿ ಬರೆಯಬೇಕಾದದ್ದು ಕ್ಯಾಮೆರಾಗೆ ಕಾಣುವಷ್ಟು ಮಾತ್ರ: ‘ನಾನು ಎರಡನೇ ಸ್ಲೈಡ್‌ನಲ್ಲಿದ್ದಾಗ, ಇದು ಬೇಡ, ಮುಂದಕ್ಕೆ ಹೋಗಿ ಎಂದರು.’ ಎರಡನೆಯದರಲ್ಲಿ ಒಂದೇ ಪದ, ಜೊತೆಗೆ ನೂರಕ್ಕೆ ಇಷ್ಟು ಎಂಬ ಅಂಕಿ: ‘ನಾಚಿಕೆ, 70’. ಮೂರನೆಯದರಲ್ಲಿ, ‘ನನಗೆ ಕೆಲಸ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು’. ಹೀಗೆ ಬಿಡಿಸಿಟ್ಟಾಗಲೇ ಮೊದಲ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಎಷ್ಟು ದೂರವಿದೆ ಎಂದು ಕಾಣುವುದು. ಘಟನೆ ನಡೆದ ಒಂದು ಗಂಟೆಯೊಳಗೆ ಎರಡು ಸಾಲಾದರೂ ಗೀಚಿಟ್ಟುಕೊಳ್ಳಿ. ರಾತ್ರಿವರೆಗೆ ಬಿಟ್ಟರೆ ತೀರ್ಮಾನ ಗಟ್ಟಿಯಾಗಿ, ನಡೆದದ್ದೇ ಮರೆತಿರುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಆದರೆ ಹಾಳೆಯನ್ನು ಕನ್ನಡದಲ್ಲೇ ತುಂಬಿ. ಸಿಟ್ಟು, ಸಂಕಟ, ಮುನಿಸು, ಕಸಿವಿಸಿ ಒಂದೊಂದೂ ಬೇರೆ. ಎಲ್ಲವನ್ನೂ ‘ಸ್ಟ್ರೆಸ್’ ಎಂದರೆ ಅಭ್ಯಾಸವೇ ಕೆಡುತ್ತದೆ.

ರಾತ್ರಿಯ ಆತ್ಮಪರಿಶೀಲನೆ ರೋಮಿನ ಸ್ಟೋಯಿಕ್ ಚಿಂತಕ ಸೆನೆಕಾನಿಂದ ಬಂದದ್ದು. ದೀಪ ಆರಿಸಿ, ಈ ರೂಢಿ ಗೊತ್ತಿದ್ದ ಹೆಂಡತಿಯೂ ಸುಮ್ಮನಾದ ಮೇಲೆ ಇಡೀ ದಿನವನ್ನು ತಿರುವಿಹಾಕುತ್ತಿದ್ದೆ ಎಂದು ಕೋಪದ ಬಗೆಗಿನ ಬರಹದಲ್ಲಿ ಅವನು ಹೇಳುತ್ತಾನೆ. ಅವನಿಗಿಂತ ಹಿಂದಿನ ತತ್ವಜ್ಞಾನಿ ಸೆಕ್ಸ್ಟಿಯಸ್‌ನಿಂದ ಪಡೆದ ಪ್ರಶ್ನೆಗಳು ಮೂರು: ಇವತ್ತು ಯಾವ ಕೆಟ್ಟ ಚಾಳಿ ತಿದ್ದಿಕೊಂಡೆ, ಯಾವ ದೋಷಕ್ಕೆ ಎದುರು ನಿಂತೆ, ಯಾವುದರಲ್ಲಿ ಸ್ವಲ್ಪ ಮೇಲಾದೆ. ಇದಕ್ಕೆ ಹತ್ತು ನಿಮಿಷ ಸಾಕು. ಆದರೆ ಸೆನೆಕಾ ಅಲ್ಲಿಗೇ ನಿಲ್ಲಿಸುವುದಿಲ್ಲ. ‘ಮತ್ತೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅಭ್ಯಾಸ ಮಾಡುವವರು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಮಾತನ್ನು ಬಿಟ್ಟುಬಿಡುತ್ತಾರೆ. ಮೊದಲೇ ತಮ್ಮನ್ನು ತಾವು ಹಳಿದುಕೊಳ್ಳುತ್ತಿರುವವರಿಗೆ ಆಗ ಅದು ದಿನವೂ ನಡೆಯುವ ವಿಚಾರಣೆಯಾಗುತ್ತದೆ, ನಿದ್ದೆಯೂ ಹಾಳು. ಅಂಥವರು ಮೂರನೆಯ ಪ್ರಶ್ನೆಯಿಂದ ಶುರುಮಾಡಿ, ಕ್ಷಮೆಯ ಮಾತನ್ನು ಬರೆದೇ ಮುಗಿಸಬೇಕು.

ತುಂಬ ಎಚ್ಚರ ಬೇಕಾದದ್ದು ಕಷ್ಟವನ್ನು ಮುಂಚಿತವಾಗಿ ಕಲ್ಪಿಸಿಕೊಳ್ಳುವ ಅಭ್ಯಾಸಕ್ಕೆ. ಇದನ್ನು ಹಗಲಲ್ಲೇ ಮಾಡಿ, ಮಲಗುವ ಹೊತ್ತಿನಲ್ಲಿ ಬೇಡ. ಒಂದು ಸಲಕ್ಕೆ ಒಂದೇ ಸನ್ನಿವೇಶ, ಅದೂ ಮಧ್ಯಮ ತೂಕದ್ದು. ಎದೆ ಡವಗುಟ್ಟುವಾಗಲೇ ಎದ್ದುಬಿಟ್ಟರೆ ಭಯ ಇನ್ನಷ್ಟು ಬೇರೂರುತ್ತದೆ. ಆತಂಕ ಅರ್ಧಕ್ಕಾದರೂ ಇಳಿಯುವವರೆಗೆ ಕೂತು, ‘ಆಗ ನಾನು ಇಂಥದ್ದು ಮಾಡುತ್ತೇನೆ’ ಎಂಬ ಒಂದು ಹೆಜ್ಜೆ ಬರೆದ ಮೇಲೆ ಏಳಬೇಕು. ಆ ಹೆಜ್ಜೆ ಇಲ್ಲದಿದ್ದರೆ ಅದು ಬರೀ ಚಿಂತೆ. ಪ್ಯಾನಿಕ್ ಇರುವವರು, ಈಚೆಗೆ ಅಪಘಾತ ಅಥವಾ ಸಾವು ಕಂಡವರು ಈ ಭಾಗವನ್ನು ಬಿಟ್ಟೇ ಮುಂದೆ ಹೋಗಲಿ.

ದುಃಖದ ವಿಷಯಕ್ಕೆ ಬಂದರೆ ಏಳು ದಿನ ಖಂಡಿತ ಸಾಲದು. ಅಳದಿರುವುದೇ ಸ್ಟೋಯಿಕ್ ಆಗುವುದು ಎಂಬ ಕಲ್ಪನೆ ಹೊತ್ತು ಬರುವವರೇ ಹೆಚ್ಚು. ಆ ಪರಂಪರೆ ಹೇಳುವುದು ಬೇರೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಸ್ಟೋಯಿಕ್ ತತ್ವಜ್ಞಾನಿಯೊಬ್ಬನ ಮುಖವೂ ಬಿಳಿಚಿಕೊಂಡದ್ದನ್ನು ರೋಮನ್ ಲೇಖಕ ಔಲಸ್ ಗೆಲಿಯಸ್ ಬರೆದಿಟ್ಟಿದ್ದಾನೆ. ಕಾರಣ ಕೇಳಿದಾಗ ಆ ತತ್ವಜ್ಞಾನಿ ಎಪಿಕ್ಟೆಟಸನನ್ನೇ ತೋರಿಸುತ್ತಾನೆ: ಮೊದಲ ನಡುಕ ಯಾರಿಗೂ ತಪ್ಪದು, ಅದಕ್ಕೆ ನಾವು ಹೂಂ ಎನ್ನುತ್ತೇವೋ ಇಲ್ಲವೋ ಎಂಬುದಷ್ಟೇ ನಮ್ಮದು. ಗೆಳೆಯ ಸೆರೆನಸ್ ಸತ್ತಾಗ ತಾನು ಮಿತಿ ಮೀರಿ ಅತ್ತೆ ಎಂದು ಸೆನೆಕಾ ಕೂಡ ಇನ್ನೊಬ್ಬ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ಇದನ್ನು ಮೊದಲ ದಿನವೇ ದೊಡ್ಡ ಅಕ್ಷರದಲ್ಲಿ ಹೇಳಬೇಕು. ಇಲ್ಲದಿದ್ದರೆ ‘ನನ್ನ ಕೈಯಲ್ಲಿಲ್ಲ’ ಎಂಬ ಸಾಲನ್ನು ಜನ ಗಂಟಲುಬ್ಬಿ ಬಂದಾಗಲೆಲ್ಲ ಬಾಯಿಗೆ ತುರುಕುವ ಬಟ್ಟೆ ಮಾಡಿಕೊಳ್ಳುತ್ತಾರೆ.

ಮೊದಲ ಮತ್ತು ಕೊನೆಯ ಪ್ರಶ್ನಾವಳಿಗಳ ನಡುವೆ ಸುಧಾರಣೆ ಕಂಡಿದೆ ಎಂದು ವರದಿಗಳು ಹೇಳುತ್ತವೆ. ಎರಡನ್ನೂ ತುಂಬಿದವರ ಲೆಕ್ಕ ಅದು. ಅರ್ಧಕ್ಕೆ ಬಿಟ್ಟವರು ಅದರಲ್ಲಿ ಇಲ್ಲ, ಹೋಲಿಸಿ ನೋಡಲು ಕೋರ್ಸ್ ಮಾಡದ ಗುಂಪೂ ಇಲ್ಲ. ಆದ್ದರಿಂದ ಆ ವರದಿ ನೋಡಿ ಸೇರಬೇಕಿಲ್ಲ, ನಿಮ್ಮ ಹಾಳೆಯ ಅಂಕಿಗಳನ್ನೇ ನೋಡಿಕೊಳ್ಳಿ.

ದಿನನಿತ್ಯದ ಸಿಟ್ಟು, ಕಚೇರಿಯ ಒತ್ತಡ, ಮುರಿದ ನಂಟಿನ ಕಹಿ ಇವಕ್ಕೆ ಧಾರಾಳವಾಗಿ ಶಿಫಾರಸು ಮಾಡಬಹುದು. ಏಳು ದಿನ ಮುಗಿದ ಮೇಲೆ ಹಾಳೆ ಮತ್ತು ರಾತ್ರಿಯ ಪ್ರಶ್ನೆಗಳನ್ನು ಮಾತ್ರ ಇಟ್ಟುಕೊಂಡು ಇನ್ನೂ ಮೂರು ವಾರ ನಡೆಸಿ. ಇದೇ ಬಳಗದ ನಾಲ್ಕು ವಾರದ ಇನ್ನೊಂದು ತರಬೇತಿಯೂ ಇದೆ, ಅದು ವಿಷಯ ಕಡಿಮೆ ಮಾಡಿ ಅಭ್ಯಾಸ ಹೆಚ್ಚಿಸುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಬಿಟ್ಟುಹೋಗಿದ್ದರೆ ಅಥವಾ ಬದುಕೇ ಬೇಡ ಎನಿಸುತ್ತಿದ್ದರೆ ಕೈಪಿಡಿ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.