ಹನ್ನೊಂದು ಲಕ್ಷ ಅಗ್ಗಕ್ಕೆ ಸಿಕ್ಕ ನಮ್ಮ 102

ಬೀದರ್, ಕಲಬುರಗಿ, ರಾಯಚೂರು ಕಡೆಯವರು ಯಾರಾದರೂ ಹೈದರಾಬಾದಿನಲ್ಲಿ ಫ್ಲ್ಯಾಟ್ ನೋಡುತ್ತಿದ್ದೀರಾ? ‘ಮಾರ್ಟ್‌ಗೇಜ್ ಫ್ಲ್ಯಾಟ್ ಅದ, ಅದಕ್ಕೇ ರೇಟು ಕಮ್ಮಿ’ ಎಂದು ಯಾರಾದರೂ ಹೇಳಿದ್ದಾರಾ? ಹಾಗಿದ್ದರೆ ಬಯಾನಾ, ಅಂದರೆ ಮುಂಗಡ, ಕೊಡುವ ಮೊದಲು ಇದನ್ನು ಓದಿ. ನಾನು ಮೊದಲು ಕೊಟ್ಟೆ, ಆಮೇಲೆ ಓದಿದೆ.

2019ರ ದಸರೆಯ ವಾರ. ಆಗ ಚಂದಾನಗರದಲ್ಲಿ ಬಾಡಿಗೆಗಿದ್ದೆವು. ಬೀದರ್ ಬಸ್ಸು ಪಟಾಂಚೆರು ದಾಟಿ ಊರೊಳಗೆ ಬರುವ ಆ ದಾರಿಯಲ್ಲಿ, ಲಿಂಗಂಪಲ್ಲಿಯಿಂದ ಮಿಯಾಪುರದವರೆಗೆ, ನಮ್ಮ ಕಡೆಯ ಜನ ಬಹಳ. ಬ್ರೋಕರ್ ಕೂಡ ಹುಮನಾಬಾದ್ ಕಡೆಯವನೇ. ಕಟ್ಟಡ ತೋರಿಸುವುದಕ್ಕಿಂತ ಮೊದಲು ನನ್ನ ಅಪ್ಪನ ಜೊತೆ ಕೂತು ಅರ್ಧ ಗಂಟೆ ತೊಗರಿ ರೇಟು ಮಾತಾಡಿದ. ತೆಲುಗು ಬಾರದ ಅಪ್ಪನಿಗೆ ಅಷ್ಟೇ ಸಾಕಾಯಿತು.

ಕೆಳಗೆ ಪಾರ್ಕಿಂಗ್, ಮೇಲೆ ಐದು ಮಹಡಿ, ಮಹಡಿಗೆ ನಾಲ್ಕರಂತೆ ಇಪ್ಪತ್ತು ಫ್ಲ್ಯಾಟು. ಮೇಲಿನವೆಲ್ಲ 58 ಲಕ್ಷ. ಒಂದನೇ ಮಹಡಿಯ 101 ಮತ್ತು 102 ಮಾತ್ರ 47 ಲಕ್ಷ. ಯಾಕೆ ಎಂದು ಕೇಳಿದೆ. “ಬ್ಯಾಂಕಿನ ಸಾಲ ಅಲ್ರೀ ಅಣ್ಣ, ಹೆದರಬ್ಯಾಡ್ರಿ. ಬರೀ ಮುನ್ಸಿಪಾಲ್ಟಿ ಮಾರ್ಟ್‌ಗೇಜ್ ಅದ. ಬಿಲ್ಡಿಂಗ್ ಮುಗೀತಂದ್ರ ತಾನೇ ಬಿಡ್ತದ. ಎಲ್ಲಾ ಬಿಲ್ಡಿಂಗಿನ್ಯಾಗೂ ಇರ್ತದ.”

ಇದರಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಅದೇ ತೊಂದರೆ.

ಬೆಂಗಳೂರಿನಲ್ಲಿ ಫ್ಲ್ಯಾಟ್ ಅಡಮಾನದಲ್ಲಿದೆ ಎಂದರೆ ಬಿಲ್ಡರ್ ಬ್ಯಾಂಕಿನಲ್ಲಿ ಸಾಲ ಎತ್ತಿದ್ದಾನೆ ಎಂದು ಅರ್ಥ. ತೆಲಂಗಾಣದಲ್ಲಿ ಇನ್ನೊಂದು ಬಗೆಯೂ ಇದೆ. ಆಂಧ್ರಪ್ರದೇಶ ಒಂದಾಗಿದ್ದಾಗ, 2012ರ ಏಪ್ರಿಲ್ 7ರಂದು ಹೊರಟ ಸರ್ಕಾರಿ ಆದೇಶ ಸಂಖ್ಯೆ 168ರ ಕಟ್ಟಡ ನಿಯಮಗಳ ಪ್ರಕಾರ, ಸಣ್ಣ ಮನೆಗಳನ್ನು ಬಿಟ್ಟು ಉಳಿದ ಕಟ್ಟಡಗಳಿಗೆ ಅನುಮತಿ ಕೊಡುವಾಗ ಒಟ್ಟು ನಿರ್ಮಾಣದ ಶೇ 10ರಷ್ಟು ಜಾಗವನ್ನು ಪಾಲಿಕೆಯ ಹೆಸರಿಗೆ ಜಾಮೀನಾಗಿ ಬರೆಸಿಕೊಳ್ಳುತ್ತಾರೆ. ಅದೂ ನೆಲ, ಒಂದನೇ ಅಥವಾ ಎರಡನೇ ಮಹಡಿಯಲ್ಲಿ. ಬಿಲ್ಡರ್ ನಕ್ಷೆ ಮೀರಿ ಕಟ್ಟಬಾರದು ಎಂಬುದೇ ಇದರ ಉದ್ದೇಶ. ನಕ್ಷೆಯಂತೆ ಕಟ್ಟಿದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಅಂದರೆ ಒಸಿ, ಸಿಗುತ್ತದೆ. ಒಸಿ ಸಿಕ್ಕರೆ ಅಡಮಾನ ಬಿಡುಗಡೆ. ಅಲ್ಲಿಯವರೆಗೆ ಆ ಭಾಗ ನೋಂದಣಿ ಇಲಾಖೆಯ ನಿಷೇಧಿತ ಪಟ್ಟಿಯಲ್ಲಿರುತ್ತದೆ, ಸಬ್ ರಿಜಿಸ್ಟ್ರಾರ್ ಅದಕ್ಕೆ ಕ್ರಯಪತ್ರ ನೋಂದಾಯಿಸುವುದಿಲ್ಲ. ನಮ್ಮ ಲೆಕ್ಕದಲ್ಲಿ ಇಪ್ಪತ್ತರಲ್ಲಿ ಎರಡು: 101, 102.

ನಿಯಮ ಒಳ್ಳೆಯದೇ. ಈಗಲೂ ಹಾಗೇ ಹೇಳುತ್ತೇನೆ. ಜಾಮೀನಿಟ್ಟ ಫ್ಲ್ಯಾಟನ್ನು ಬಿಲ್ಡರ್ ತನ್ನ ಕೈಯಲ್ಲೇ ಇಟ್ಟುಕೊಳ್ಳಬೇಕಿತ್ತು, ಆಗ ಒಸಿ ತರುವ ಚಿಂತೆ ಅವನಿಗೆ ಇರುತ್ತಿತ್ತು. ಅದನ್ನೇ ನನ್ನಂಥವನಿಗೆ ಮಾರಿ ದುಡ್ಡು ತೆಗೆದುಕೊಂಡ ದಿನ ಅವನ ಚಿಂತೆ ನನ್ನ ತಲೆಗೆ ದಾಟಿತು.

ಬ್ಯಾಂಕು ಗೃಹಸಾಲ ಕೊಡಲಿಲ್ಲ. ಅಲ್ಲೇ ನಿಲ್ಲಬೇಕಿತ್ತು. ಊರಲ್ಲಿ ಎರಡು ಎಕರೆ ಮಾರಿದೆವು, ನಾನು ಶೇ 14ರ ಬಡ್ಡಿಗೆ ಪರ್ಸನಲ್ ಲೋನ್ ತೆಗೆದೆ. ನೂರು ರೂಪಾಯಿ ಸ್ಟಾಂಪ್ ಪೇಪರಿನ ಮೇಲೆ ಕರಾರು, ನೋಂದಣಿ ಇಲ್ಲ. 29 ಲಕ್ಷ ಬ್ಯಾಂಕಿನ ಮೂಲಕ, 12 ಲಕ್ಷ ನಗದು. ಉಳಿದ ಆರು ಲಕ್ಷ ರಿಜಿಸ್ಟ್ರಿ ದಿನ. ಆ ಆರು ಲಕ್ಷ ಹಿಡಿದಿಟ್ಟವಳು ನನ್ನ ಹೆಂಡತಿ. ಈ ಇಡೀ ವ್ಯವಹಾರದಲ್ಲಿ ಬುದ್ಧಿವಂತಿಕೆ ಎಂದು ಹೇಳಬಹುದಾದದ್ದು ಅದೊಂದೇ.

2021ರಲ್ಲಿ ಕಟ್ಟಡ ಮುಗಿಯಿತು. ಐದನೇ ಮಹಡಿಯ ಮೇಲೆ, ಟೆರೇಸಿನಲ್ಲಿ, ನಕ್ಷೆಯಲ್ಲಿ ಇಲ್ಲದ ಒಂದು ಪೆಂಟ್‌ಹೌಸ್ ಕೂಡ ಎದ್ದಿತ್ತು. ಕಟ್ಟಡದ ಪಕ್ಕ ಖಾಲಿ ಬಿಡಬೇಕಾದ ಜಾಗವನ್ನೂ (ಸೆಟ್‌ಬ್ಯಾಕ್) ಬಾಲ್ಕನಿಗಳು ನುಂಗಿದ್ದವು. ಗೃಹಪ್ರವೇಶದ ದಿನ ನಾವೇ ಮೇಲೆ ಹೋಗಿ ಆ ಪೆಂಟ್‌ಹೌಸ್ ನೋಡಿ, ‘ಎಷ್ಟು ಗಾಳಿ ಬರ್ತದ’ ಎಂದು ಹೊಗಳಿ ಬಂದೆವು. ಅದೇ ನಮ್ಮ ಕುತ್ತಿಗೆಗೆ ಕಟ್ಟಿದ ಕಲ್ಲು ಎಂದು ಗೊತ್ತಿರಲಿಲ್ಲ. ಹೆಚ್ಚುವರಿ ಮಹಡಿ ಇರುವ ಕಟ್ಟಡಕ್ಕೆ ಒಸಿ ಸಿಗುವುದಿಲ್ಲ. ಒಸಿ ಇಲ್ಲದೆ ಅಡಮಾನ ಬಿಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಜ್ವರ ಆರನೇ ಮಹಡಿಗೆ, ಬರೆ ಒಂದನೇ ಮಹಡಿಗೆ.

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಉಳಿದ ಹದಿನೆಂಟು ಮನೆಯವರಿಗೆ ರಿಜಿಸ್ಟ್ರಿ ಆಗಿದೆ, ಏಕೆಂದರೆ ಅವರ ಫ್ಲ್ಯಾಟುಗಳು ಅಡಮಾನದಲ್ಲಿ ಇರಲೇ ಇಲ್ಲ. ಅವರಿಗೆ ಒಸಿಯ ಅವಸರವಿಲ್ಲ. ಅಸೋಸಿಯೇಷನ್ ಸಭೆಯಲ್ಲಿ ನಾನು ಒಸಿ ಎಂದರೆ, “ಪಾಲಿಕೆಯವರನ್ನು ಮನೆ ಬಾಗಿಲಿಗೆ ಯಾಕೆ ಕರೀತೀರಿ?” ಎಂದು ನನ್ನನ್ನೇ ಸುಮ್ಮನಾಗಿಸುತ್ತಾರೆ. ಒಸಿಗೆ ಅರ್ಜಿ ಹಾಕಬೇಕಾದವನು ಬಿಲ್ಡರ್, ನಾನಲ್ಲ. ನಿಯಮದ ಪ್ರಕಾರ ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಖಾಯಂ ಸಂಪರ್ಕ ಕೊಡುವಂತಿಲ್ಲ, ಕೊಟ್ಟರೆ ಮೂರು ಪಟ್ಟು ದರ ವಸೂಲಿ ಮಾಡಬಹುದು. ಆಸ್ತಿ ತೆರಿಗೆಯನ್ನು ವರ್ಷಾ ವರ್ಷ ಎರಡು ಪಟ್ಟು ಹಾಕಬಹುದು. ಇದು ಎಲ್ಲರ ತಲೆಯ ಮೇಲೂ ಇರುವ ಕತ್ತಿ. ಆದರೂ ಕಾಗದ ಕೈಯಲ್ಲಿದ್ದವರಿಗೆ ನಿದ್ದೆ ಬರುತ್ತದೆ.

ನನಗೆ ನಿಜಸ್ಥಿತಿ ಪೂರ್ತಿ ಗೊತ್ತಾದದ್ದು 2023ರಲ್ಲಿ, ಅಪ್ಪನ ಆಪರೇಷನ್ನಿಗೆ ಮನೆಯ ಮೇಲೆ ಸಾಲ ಕೇಳಲು ಹೋದಾಗ. ಬ್ಯಾಂಕಿನ ಹುಡುಗ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆದ. ಕಟ್ಟಡದ ಮಾಲೀಕ ಬಿಲ್ಡರ್. ಅದರ ಕೆಳಗಿನ ಸಾಲಿನಲ್ಲಿ ನನ್ನ ಫ್ಲ್ಯಾಟ್ ನಂಬರು, ಎದುರಿಗೆ ಪಾಲಿಕೆ ಕಮಿಷನರ್. “ಇದು ತನಖಾದಲ್ಲಿದೆ ಸಾರ್” ಎಂದ. ತೆಲುಗಿನಲ್ಲಿ ಅಡಮಾನಕ್ಕೆ ಅದೇ ಮಾತು. “ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?” ಎಂದೂ ಕೇಳಿದ, ಪಾಪ, ಕುಹಕದಿಂದಲ್ಲ. ಎರಡು ವರ್ಷದಿಂದ ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಮನೆಗೆ ಸಂಬಂಧಿಸಿದ ಯಾವ ಸರ್ಕಾರಿ ದಾಖಲೆಯಲ್ಲೂ ನನ್ನ ಹೆಸರಿರಲಿಲ್ಲ.

ವಕೀಲರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. 2001ರ ತಿದ್ದುಪಡಿಯ ನಂತರ, ನೋಂದಣಿಯಾಗದ ಕರಾರು ಹಿಡಿದು ಮನೆಯಲ್ಲಿ ವಾಸವಿದ್ದರೂ ಕರಾರು ನಂಬಿ ಒಳಗೆ ಬಂದವನನ್ನು ಮಾರಿದವನು ಹೊರಹಾಕದಂತೆ ಕಾಯುವ, ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಮಿನ ರಕ್ಷಣೆ ಸಿಗುವುದಿಲ್ಲ. ಹಾಗಾದರೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆಸಿಕೊಂಡಿದ್ದರೆ? ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರಿನಲ್ಲೇ ಹೇಳಿಯಾಗಿದೆ. ಫ್ಲ್ಯಾಟ್ ಕೊಳ್ಳುವವರ ಹಿತ ಕಾಯುವ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾದ 11(4)(ಎಚ್) ಕಲಮು ಖರೀದಿದಾರನನ್ನು ಅಡಮಾನದಿಂದ ಕಾಪಾಡುತ್ತದೆ ಎಂದು ಎಲ್ಲೋ ಓದಿ ಖುಷಿಪಟ್ಟಿದ್ದೆ. ಅದು ಕರಾರು ಆದ ಮೇಲೆ ಬಿಲ್ಡರ್ ಮಾಡುವ ಅಡಮಾನಕ್ಕೆ. ನಮ್ಮದು ಅನುಮತಿಯ ಹೊತ್ತಿಗೇ, ಕರಾರಿಗಿಂತ ಮೊದಲೇ ಆದದ್ದು, ಮತ್ತು ನನಗೆ ಗೊತ್ತಿದ್ದೇ ಕೊಂಡದ್ದು.

ಕೈಗೆ ಬಂದದ್ದು ಅದೇ ರೇರಾ ಕಾಯ್ದೆಯ 13ನೇ ಕಲಮು. ನೋಂದಾಯಿತ ಕರಾರು ಮಾಡದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಬಿಲ್ಡರ್ ಅದನ್ನು ಮುರಿದಿದ್ದಾನೆ. ಒಸಿ ತರುವುದೂ ಅವನದೇ ಹೊಣೆ, ಒಸಿ ಬಂದ ಮೂರು ತಿಂಗಳೊಳಗೆ ಕ್ರಯಪತ್ರ ಮಾಡಿಕೊಡುವುದೂ ಅವನದೇ. ಹಣ ವಾಪಸ್ ಕೇಳಿದರೆ ತೆಲಂಗಾಣದ ನಿಯಮದಲ್ಲಿ ಎಸ್‌ಬಿಐ ಸಾಲದ ಮೂಲ ಬಡ್ಡಿದರದ (ಎಂಸಿಎಲ್‌ಆರ್) ಮೇಲೆ ಶೇ 2 ಸೇರಿಸಿ ಬಡ್ಡಿ. ಆದರೆ ಯಾವ ಹಣ? ಸಾಬೀತಾಗುವುದು 29 ಲಕ್ಷ. ನಗದು 12 ಲಕ್ಷಕ್ಕೆ ಚೀಟಿಯೂ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನೇ ಹೇಳುತ್ತದೆ. ಹಾಗೆ ನಗದು ಕೊಟ್ಟೆ ಎಂದು ನಾನೇ ಎದ್ದು ನಿಂತು ಹೇಳಬೇಕು.

ಬಿಲ್ಡರ್ ಫೋನ್ ಎತ್ತುತ್ತಾನೆ, ಅದು ಅವನ ದೊಡ್ಡ ಗುಣ. ಎತ್ತಿದಾಗಲೆಲ್ಲ ‘ಬಿಆರ್‌ಎಸ್ ಬರ್ತದೆ, ಕಟ್ಟಿದರೆ ಎಲ್ಲ ಸರಿ’ ಎನ್ನುತ್ತಾನೆ. ಪಕ್ಷವಲ್ಲ, ಅಕ್ರಮ ಕಟ್ಟಡ ಸಕ್ರಮ ಯೋಜನೆ. ತೆಲಂಗಾಣ 2015ರಲ್ಲಿ ತಂದ ಆ ಯೋಜನೆ ಹೈಕೋರ್ಟಿನಲ್ಲಿ ಸಿಕ್ಕಿಕೊಂಡಿತು, ಮತ್ತು ಅದು 2015ರ ಅಕ್ಟೋಬರ್ 28ಕ್ಕೆ ಮೊದಲು ಕಟ್ಟಿದವುಗಳಿಗೆ ಮಾತ್ರ. ನಮ್ಮ ಕಟ್ಟಡಕ್ಕೆ ಆಗ ಪಾಯವೂ ತೋಡಿರಲಿಲ್ಲ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ದಾರಿ ಇನ್ನೂ ಕಿರಿದಾಗಿದೆ. ಒಸಿ ನೋಡಿಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು, ಒಸಿ ನೋಡಿಯೇ ನೀರು, ಕರೆಂಟು ಕೊಡಬೇಕು ಎಂದು ಅದು ಹೇಳಿತು. ನಾಳೆ ನಾನು ಮಾರಲು ಹೊರಟರೆ ನನ್ನಂತೆ ಪೂರ್ತಿ ಹಣ ಕೈಯಲ್ಲಿ ಹಿಡಿದ ಇನ್ನೊಬ್ಬ ಬೇಕು.

ನೋಡಬೇಕಾದ ಕಾಗದಗಳು ಗುಟ್ಟಿನಲ್ಲಿ ಇರುವುದಿಲ್ಲ. ಪಾಲಿಕೆಯ ಅನುಮತಿ ಪತ್ರವನ್ನು ಅಲ್ಲಿಯವರು ಪ್ರೊಸೀಡಿಂಗ್ಸ್ ಎನ್ನುತ್ತಾರೆ. ಎಷ್ಟು ಚದರ ಮೀಟರ್, ಯಾವ ಮಹಡಿ, ಅಡಮಾನ ಪತ್ರದ ನಂಬರು ಎಲ್ಲ ಅದರಲ್ಲೇ ಬರೆದಿರುತ್ತದೆ. ಅದನ್ನೂ ನಕ್ಷೆಯನ್ನೂ ಬಿಲ್ಡರ್ ಕೊಡುವ ಜೆರಾಕ್ಸಿನಲ್ಲಿ ನೋಡಬೇಡಿ, ರೇರಾ ಜಾಲತಾಣದಿಂದ ನೀವೇ ಇಳಿಸಿಕೊಳ್ಳಿ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ರೇರಾ ನೋಂದಣಿ ಇರಲೇಬೇಕು. ನಕ್ಷೆ ಹಿಡಿದು ಕಟ್ಟಡದ ಮುಂದೆ ನಿಂತು ಮಹಡಿ ಎಣಿಸಿ, ನಾನು ಎಣಿಸಲಿಲ್ಲ. ಇಸಿ ತೆಗೆಸುವಾಗ ನಿಮ್ಮ ಫ್ಲ್ಯಾಟಿಗಷ್ಟೇ ಅಲ್ಲ, ಇಡೀ ಜಾಗಕ್ಕೆ ತೆಗೆಸಿ. ಬ್ಯಾಂಕಿನ ಅಡಮಾನವೂ ಇದೆಯೇ ಎಂದು ತಿಳಿಯಲು ಸೆರ್ಸಾಯಿ ಎಂಬ ಕೇಂದ್ರೀಯ ಅಡಮಾನ ನೋಂದಣಿ ದಾಖಲೆ ಬೇರೆಯೇ ಇದೆ. ಬಿಲ್ಡರ್ ಕಂಪನಿಯಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಆಸ್ತಿಯ ಮೇಲಿನ ಚಾರ್ಜುಗಳು, ಅಂದರೆ ಸಾಲದ ಹೊರೆಗಳು, ಕಾಣುತ್ತವೆ. ಅಡಮಾನದ ಫ್ಲ್ಯಾಟೇ ಬೇಕು ಎನಿಸಿದರೆ ಒಸಿ ಮತ್ತು ಪಾಲಿಕೆಯ ಬಿಡುಗಡೆ ಪತ್ರ ಎರಡೂ ಬಂದ ಮೇಲೆ ಹೋಗಿ. ಆಗ ಅದು ಅಗ್ಗಕ್ಕೆ ಸಿಗುವುದಿಲ್ಲ ಎನ್ನುವುದು ಬೇರೆ ಮಾತು.

ನಮ್ಮ ದೂರು ರೇರಾದಲ್ಲಿದೆ. ಬಿಲ್ಡರ್ ಆ ಆರು ಲಕ್ಷ ಕೊಟ್ಟರೆ ‘ಮಾಡಿಸಿ ಕೊಡ್ತೀನಿ’ ಎನ್ನುತ್ತಾನೆ. ಹೆಂಡತಿ ಬಿಡುತ್ತಿಲ್ಲ.

ಮೊನ್ನೆ ಭಾನುವಾರ ಪಕ್ಕದ 101 ನೋಡಲು ಒಂದು ಎಳೆ ಜೋಡಿ ಬಂದಿತ್ತು. ಅದನ್ನು ಕೊಂಡಿದ್ದವರೂ ಕೈ ತೊಳೆದುಕೊಳ್ಳಲು ನೋಡುತ್ತಿದ್ದಾರೆ. ಭಾಲ್ಕಿ ಕಡೆಯವರು, ಕನ್ನಡ ಕೇಳಿ ನಮ್ಮ ಮನೆಗೂ ಬಂದರು. ಚಹಾ ಕೊಟ್ಟು, ಮಂಜೂರಾದ ನಕ್ಷೆಯನ್ನು ಊಟದ ಟೇಬಲ್ಲಿನ ಮೇಲೆ ಹರಡಿದೆ. ಒಂದನೇ ಮಹಡಿಯಲ್ಲಿ ಎರಡು ಚೌಕಕ್ಕೆ ಗುಲಾಬಿ ಬಣ್ಣ ಬಳಿದಿದ್ದಾರೆ. ಆ ಹುಡುಗಿ ಬಗ್ಗಿ ನೋಡಿ, ಎರಡನೇ ಚೌಕದ ಮೇಲೆ ಬೆರಳಿಟ್ಟಳು.

“ನಾವೀಗ ಕುಂತು ಚಾ ಕುಡೀಲಾಕತ್ತಿದ್ದು ಇದರೊಳಗೇ ಏನ್ರಿ ಅಣ್ಣ?”

“ಹೌದಮ್ಮ” ಎಂದೆ.