ಎರಡು ಟ್ಯೂಬಿನ ಎಪಾಕ್ಸಿ: ಏಳು ವರ್ಷ ಬಳಸಿದ ಮೇಲೆ

ಎಪಾಕ್ಸಿ ಅಂದರೆ ಎರಡು ಟ್ಯೂಬಿನದ್ದನ್ನು ಕಲಸಿ ಹಚ್ಚುವ ಅಂಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಂಪನಿ ಯಾವುದೇ ಇರಲಿ, ‘ಅರಾಲ್ಡೈಟ್ ಕೊಡಿ’ ಅಂತ ಕೇಳುವುದೇ ರೂಢಿ. ಒಂದು ಟ್ಯೂಬಿನಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಏಳು ವರ್ಷದಿಂದ ಈ ಜೋಡಿ ನಮ್ಮ ಮನೆಯಲ್ಲಿ ತಪ್ಪಿದ್ದಿಲ್ಲ.

ಮೊದಲು ಅಂಟಿಸಿದ್ದು ಅಜ್ಜಿ ಕಾಲದ ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಿಡಿ. ಅದಕ್ಕೂ ಮುಂಚೆ ಸೂಪರ್ ಗ್ಲೂ ಹಾಕಿದ್ದೆ. ಕ್ಷಣದಲ್ಲಿ ಕಚ್ಚಿಕೊಂಡಿತು, ಅಡುಗೆ ಕಟ್ಟೆಗೆ ತಾಗಿದ್ದೇ ಟಪ್ ಅಂತ ಬಿಟ್ಟಿತು. ಅದರದ್ದೇನೂ ತಪ್ಪಿಲ್ಲ. ಅದು ವಸ್ತುವಿನ ಮೇಲಿರುವ ತೇವಕ್ಕೆ ಗಟ್ಟಿಯಾಗುವ ಅಂಟು. ಪದರ ತೆಳ್ಳಗಿರಬೇಕು, ಎರಡು ಚೂರೂ ಸರಿಯಾಗಿ ಕೂರಬೇಕು. ನಮ್ಮ ಹಿಡಿಯಲ್ಲಿ ಒಂದು ಚೂರು ಕಾಣೆಯಾಗಿತ್ತು, ಅಲ್ವಾ? ಆ ಸಂದು ತುಂಬೋಕೆ ಎಪಾಕ್ಸಿಯೇ ಬೇಕು.

ಹಳೆ ಅಂಟನ್ನು ಬ್ಲೇಡಿನಿಂದ ಕೆರೆದೆ. ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿದೆ. ಹಳೆ ಮದುವೆ ಕಾರ್ಡಿನ ಮೇಲೆ ಎರಡೂ ಟ್ಯೂಬಿನಿಂದ ಬಟಾಣಿ ಗಾತ್ರದಷ್ಟು ಸಮಸಮ ಹಿಂಡಿ, ಗೆರೆ ಕಾಣದ ಹಾಗೆ ಬೆಂಕಿಕಡ್ಡಿಯಲ್ಲಿ ಕಲಸಿದೆ. ಅಂಟಿಸಿ, ಸೆಲೋ ಟೇಪ್ ಸುತ್ತಿ, ಒಂದು ಬಟ್ಟಲು ರಾಗಿಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಇಡೀ ದಿನ ಮುಟ್ಟಲಿಲ್ಲ. ಚಳಿಗಾಲದಲ್ಲಿ ಇನ್ನೂ ನಿಧಾನ. ಐದು ನಿಮಿಷದ್ದೂ ಸಿಗುತ್ತದೆ, ಆದರೆ ನನಗೆ ನಿಧಾನದ್ದೇ ಇಷ್ಟ. ಓರೆಯಾದರೆ ಸರಿಮಾಡೋಕೆ ಸಮಯ ಇರುತ್ತದೆ.

ಸೋತದ್ದೂ ಇದೆ. ಬಕೆಟ್ಟಿನ ಕಿವಿಗೆ ಹಾಕಿದ್ದು ಮಾರನೇ ದಿನ ಅಚ್ಚಿನಿಂದ ಬೆಲ್ಲ ಬಿಟ್ಟ ಹಾಗೆ ಇಡಿಯಾಗಿ ಎದ್ದು ಬಂತು. ಕೆಸುವಿನ ಎಲೆ ಮೇಲೆ ನೀರು ನಿಲ್ಲುತ್ತದೆಯೇ? ಆ ಪ್ಲಾಸ್ಟಿಕ್ ಮೇಲೆ ಅಂಟೂ ಹಾಗೆಯೇ, ಹರಡಿ ಹಿಡಿದುಕೊಳ್ಳುವುದಿಲ್ಲ. ತಳದ ತ್ರಿಕೋನದಲ್ಲಿ 5 ಅಂತಿದ್ದರೆ ಪಾಲಿಪ್ರೊಪಿಲೀನ್, 2 ಅಥವಾ 4 ಇದ್ದರೆ ಪಾಲಿಥೀನ್. ಇವಕ್ಕೆ ಸುಮ್ನೆ ಎಪಾಕ್ಸಿ ದಂಡ ಮಾಡಬೇಡಿ. ತವಾ ಹಿಡಿಗೂ ಹಾಕಿದ್ದೆ. ಬಿಸಿ ಏರಿದಂತೆ ಮೆತ್ತಗಾಗಿ ಕೈಗೇ ಬಂತು. ಅದು ನನ್ನದೇ ಪೆದ್ದುತನ.

ಮರದ ಕುರ್ಚಿ ಕಾಲಿಗೂ ಇದು ಬೇಡ. ಬಿಳಿ ಫೆವಿಕಾಲ್ ಸಾಕು. ಅದರ ನೀರನ್ನು ಮರ ಹೀರಿಕೊಳ್ಳುತ್ತದೆ, ಅಂಟು ನಾರಿನೊಳಗೆ ಇಳಿದು ಕೂರುತ್ತದೆ. ಒಣಗುವವರೆಗೆ ಬಿಗಿಯಾಗಿ ಕಟ್ಟಿಡಬೇಕು ಅಷ್ಟೆ. ಚಪ್ಪಲಿ ಅಟ್ಟೆಗೆ ರಬ್ಬರ್ ಅಂಟು: ಎರಡೂ ಕಡೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು.

ಒಂದು ಕಿವಿಮಾತು. ಟ್ಯೂಬುಗಳ ಮುಚ್ಚಳ ಅದಲುಬದಲು ಮಾಡಬೇಡಿ. ಒಮ್ಮೆ ಹಾಗೆ ಮಾಡಿ, ಮುಚ್ಚಳವೇ ಅಂಟಿಕೊಂಡು, ಕೊನೆಗೆ ಟ್ಯೂಬಿನ ಹಿಂಭಾಗ ಕತ್ತರಿಸಿ ತೆಗೆದೆ. ಕೈಗೂ ತಾಗಿಸಿಕೊಳ್ಳಬೇಡಿ, ಕೆಲವರಿಗೆ ತುರಿಕೆ ಬರುತ್ತದೆ.

ಭರಣಿಯ ಹಿಡಿ ಇವತ್ತಿಗೂ ಅಲ್ಲಾಡಿಲ್ಲ. ಸಂದು ತುಂಬಿದ ಜಾಗ ಮಾತ್ರ ಹಳದಿ ತಿರುಗಿದೆ. ಅಮ್ಮ ಆ ಮಗ್ಗುಲನ್ನು ಗೋಡೆ ಕಡೆ ತಿರುಗಿಸಿ ಇಡುತ್ತಾಳೆ.