ಹತ್ತಿರದ ಠಾಣೆಯೋ, ಮಹಿಳಾ ಠಾಣೆಯೋ, ವನಿತಾ ಸಹಾಯವಾಣಿಯೋ?

ಗಂಡ ಹೊಡೆಯುತ್ತಾನೆ, ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಲಿ ಅಂತ ಒಬ್ಬರು ಕೇಳಿದ್ದಾರೆ. ಈಗಲೇ ಜೀವಕ್ಕೆ ಅಪಾಯವಿದ್ದರೆ ಯೋಚನೆಯೇ ಬೇಡ, 112ಕ್ಕೆ ಫೋನ್ ಮಾಡಿ.

ಬೇಗ ಆಗುವುದು ಹತ್ತಿರದ ಠಾಣೆಯಲ್ಲೇ. ಗಾಯ ಹಸಿಯಾಗಿದ್ದಾಗ ಆಸ್ಪತ್ರೆಗೂ ಕಳಿಸುತ್ತಾರೆ. ಆದರೆ ಎದುರಿಗೆ ಬರೀ ಗಂಡಸರೇ ಕೂತಿದ್ದರೆ ಎಷ್ಟೋ ಹೆಂಗಸರಿಗೆ ಬಾಯೇ ಬರುವುದಿಲ್ಲ. ಅದು ಅವರ ತಪ್ಪಲ್ಲ. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಅಂತ ಕಾನೂನಿದೆ. ಹೊಡೆತದ ದೂರಿಗೂ ಮಹಿಳಾ ಸಿಬ್ಬಂದಿಯನ್ನು ಕರೆಸಿ ಅಂತ ಧಾರಾಳವಾಗಿ ಕೇಳಿ.

ಮನಬಿಚ್ಚಿ ಮಾತಾಡಲು ಮಹಿಳಾ ಠಾಣೆ ಸಲೀಸು. ಆದರೆ ದೂರ ಜಾಸ್ತಿ, ಮಗು ಎತ್ತಿಕೊಂಡು ಎರಡು ಬಸ್ ಬದಲಿಸಬೇಕಾದವರಿಗೆ ಕಷ್ಟ. ವರದಕ್ಷಿಣೆ ಕಿರುಕುಳದಂತಹ ದೀರ್ಘ ಪ್ರಕರಣಕ್ಕೆ ನಾನು ಇದನ್ನೇ ಹೇಳುತ್ತೇನೆ.

ವನಿತಾ ಸಹಾಯವಾಣಿ ಅಂದರೆ ಪೊಲೀಸರ ಮಹಿಳಾ ಸಹಾಯ ಕೇಂದ್ರ. ಅಲ್ಲಿ ಆಪ್ತಸಲಹೆ ಸಿಗುತ್ತದೆ, ಗಂಡನನ್ನೂ ಕರೆಸಿ ಮಾತಾಡುತ್ತಾರೆ. ಕೇಸು ಬೇಡ, ಹೊಡೆತ ನಿಂತರೆ ಸಾಕು ಅನ್ನುವವರಿಗೆ ಸರಿ. ಮೂಳೆ ಮುರಿಯುವಷ್ಟು ಹೊಡೆದವನ ಜೊತೆ ರಾಜಿ ಮಾತು ಬೇಡ, ನೇರ ಠಾಣೆಗೇ ಹೋಗಿ.

ಖರ್ಚಂತೂ ಎಲ್ಲೂ ಇಲ್ಲ. ಎಫ್‌ಐಆರ್ (ಪೊಲೀಸರು ದಾಖಲಿಸಿಕೊಳ್ಳುವ ಮೊದಲ ದೂರು) ಪ್ರತಿ ಉಚಿತ, ಕೇಳಿ ತಗೊಳ್ಳಿ. 'ಇದು ನಮ್ಮ ವ್ಯಾಪ್ತಿಯಲ್ಲ' ಅಂದರೆ ಜೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಾದರೂ ಅದನ್ನು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಆಗಲೂ ಒಪ್ಪದಿದ್ದರೆ ದೂರನ್ನು ಬರೆದು ಡಿಸಿಪಿಗೆ (ಉಪ ಪೊಲೀಸ್ ಆಯುಕ್ತರಿಗೆ) ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.